ಮೂಗರ್ಜಿ

ಎಡಗಣ್ಣಿನ ಪೊರೆ ತೆಗೆಸಿ ಹನ್ನೆರಡನೇ ದಿನ,
ಡಾಕ್ಟರು ಬೇಡವೆಂದರೂ ಓದುತ್ತಿದ್ದೇನೆ.
ಸಂತೆಹೊಂಡದ ದಾರಿಯಲ್ಲಿ ಎರವಲು ತಂದ ದಪ್ಪ ಪುಸ್ತಕ,
ರೋಮಿನ ಮೊದಲ ದೊರೆಗಳ ವೃತ್ತಾಂತ.
ನನಗಿಂತ ಮುಂಚೆ ಇದು ಹೊರಬಿದ್ದದ್ದು ತೊಂಬತ್ತೊಂದರಲ್ಲಿ.
ನಡುವೆ ಯಾರೋ ಇಟ್ಟು ಮರೆತ ಬಸ್ ಟಿಕೆಟ್ಟು:
ದುರ್ಗದಿಂದ ಹಿರಿಯೂರು, ಒಂದಾಳು.

ಬರೆದವನು ಶುರುವಿಗೇ ಹೇಳಿಬಿಡುತ್ತಾನೆ,
ತನಗೆ ಯಾರ ಮೇಲೂ ಮುನಿಸಿಲ್ಲ, ಯಾರ ಹಂಗೂ ಇಲ್ಲ.
ಆಮೇಲೆ ಪುಟಪುಟಕ್ಕೂ
ಹಲ್ಲು ಕಡಿಯುವ ಸದ್ದು.
ನನಗೆ ಹಿಡಿಸಿದ. ಮೂವತ್ತೆರಡು ವರ್ಷ
ತಾಲ್ಲೂಕು ಕಚೇರಿಯಲ್ಲಿ ಟೈಪು ಹೊಡೆದವಳು ನಾನು.
‘ನಿಷ್ಪಕ್ಷಪಾತವಾಗಿ ಪರಿಶೀಲಿಸಲಾಗಿ’ ಎಂದು ಶುರುವಾದ ಕಾಗದ
ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬಲ್ಲೆ.

ಎರಡನೇ ದೊರೆ ದ್ವೀಪದಲ್ಲಿ ಕೂತಿದ್ದಾನೆ.
ಊರಿಗೆ ಬರುವುದಿಲ್ಲ, ಬರುವುದು ಅವನ ಕಾಗದ.
ಸುತ್ತಿ ಬಳಸಿ, ಅತ್ತ ಹೋಗಿ ಇತ್ತ ಬಂದು,
ಕೊನೆಗೆ ಒಂದು ಹೆಸರು.
ಆ ಹೆಸರಿನವನ ಅಕ್ಕಪಕ್ಕದ ಆಸನ
ಓದಿ ಮುಗಿಯುವ ಮುಂಚೆಯೇ ಖಾಲಿ.
ಚಾಡಿ ಹೇಳಿದವನಿಗೆ ಸಿಕ್ಕಿಬಿದ್ದವನ ಆಸ್ತಿಯಲ್ಲಿ ಕಾಲುಪಾಲಂತೆ.
ನಕ್ಕೆ. ನಮ್ಮಲ್ಲಿ ಅಷ್ಟೆಲ್ಲ ಇರಲಿಲ್ಲ.
ಸಿಕ್ಕರೆ ಕಿಟಕಿ ಪಕ್ಕದ ಮೇಜು, ಬಹಳವೆಂದರೆ.

ಒಂದು ಪುಟದಲ್ಲಿ ನಿಂತುಬಿಟ್ಟೆ.
ಒಬ್ಬನ ಬಾಯಿ ಬಿಡಿಸಲು ನಾಲ್ವರ ಹೂಟ.
ಒಬ್ಬ ಗೆಳೆಯನಾಗಿ ಮನೆಗೆ ಕರೆದು ಮರುಗುತ್ತಾನೆ.
ಉಳಿದ ಮೂವರು, ಸಭೆಯ ಹಿರಿಯರು, ಮರ್ಯಾದಸ್ತರು,
ಸೂರಿಗೂ ಹಲಗೆಗೂ ನಡುವಿನ ಸಂದಿಯಲ್ಲಿ
ಹಲ್ಲಿಗಳಂತೆ ಬೋರಲು ಬಿದ್ದು
ತೂತಿಗೆ ಕಿವಿ ಇಟ್ಟಿದ್ದಾರೆ.
ಅವರ ಕತ್ತಿನ ಮೇಲೆ ಜೇಡ ಹರಿದಿರಬಹುದು, ಸೀನು ಬಂದಿರಬಹುದು.
ಬರೆದವನು ಅದನ್ನು ಹೇಳುವುದಿಲ್ಲ.
ನಾನು ಹೇಳಬಲ್ಲೆ.

ಎಪ್ಪತ್ತೊಂಬತ್ತು. ರೆಕಾರ್ಡ್ ರೂಮಿನ ಅಟ್ಟ.
ಹಳೇ ಪಹಣಿ ಕಟ್ಟುಗಳ ನಡುವೆ ಏನೋ ಹುಡುಕಲು ಹತ್ತಿದ್ದೆ.
ಕೆಳಗೆ ಹೆಡ್ ಗುಮಾಸ್ತ ಪಾಲಯ್ಯ, ದಫೇದಾರ ಜಂಬಣ್ಣನ ಎದುರು
ಸಾಹೇಬರನ್ನು ಬಾಯಿಗೆ ಬಂದಂತೆ ಬೈದು,
ತಾನು ಮುಚ್ಚಿಟ್ಟ ಒಂದು ಕಡತದ ಮಾತೆತ್ತಿದ.
ಯಾರದೋ ಗುಡಿಸಲು ಉಳಿಯಲೆಂದು ಮುಚ್ಚಿಟ್ಟದ್ದು.
ಅದೂ ಕೇಳಿಸಿತು.
ಕೆಮ್ಮಿ ಇಳಿದಿದ್ದರೆ ಆಗುತ್ತಿತ್ತು.
ಧೂಳು ಮೂಗಿಗೇರಿತು. ಸೆರಗು ಒತ್ತಿ ಹಿಡಿದೆ.

ಮೂರು ದಿನಕ್ಕೆ ಒಂದು ಕಾಗದ ಮೇಲಕ್ಕೆ ಹೋಯಿತು,
ಸಹಿ ಇಲ್ಲದ್ದು.
ನಮ್ಮ ಮೆಷೀನಿನಲ್ಲಿ ಳ ಅಕ್ಷರ ಗೆರೆ ಬಿಟ್ಟು ಮೇಲೇಳುತ್ತಿತ್ತು,
ಅದಕ್ಕೆ ಳ ಬರದ ಮಾತನ್ನೇ ಆರಿಸಿ ಆರಿಸಿ ಹೊಡೆದೆ.
‘ಹೇಳಿದ’ ಇದ್ದಲ್ಲಿ ‘ನುಡಿದ’, ‘ಒಳಗೆ’ ಇದ್ದಲ್ಲಿ ‘ಮರೆಯಲ್ಲಿ’.
ಬಹುವಚನ ಪೂರ್ತಿ ಬಿಟ್ಟೆ:
ಕಡತ ಒಂದೇ, ತಪ್ಪು ಒಂದೇ, ಮನುಷ್ಯ ಒಬ್ಬನೇ.
ಅಷ್ಟು ಕಷ್ಟಪಟ್ಟು ಬೇರೇನನ್ನೂ ನಾನು ಬರೆದಿಲ್ಲ.

ಪಾಲಯ್ಯ ಮೊಳಕಾಲ್ಮೂರಿಗೆ ವರ್ಗ, ಆಮೇಲೆ ಅಮಾನತು,
ಆಮೇಲೆ ನನಗೆ ಸುದ್ದಿ ಬೇಡವಾಯಿತು.
ಗುಡಿಸಲಿನ ಸಂಗತಿ ಕೇಳಲೇ ಇಲ್ಲ.
ಕಿಟಕಿಯಿಂದ ಬೆಟ್ಟದ ಬಂಡೆ ಕಾಣುತ್ತಿದ್ದವು,
ಒಂದರ ಹೆಗಲಿಗೆ ಒಂದು ಒರಗಿ,
ಈಗ ಬಿದ್ದೇವು ಎನ್ನುತ್ತ, ಬೀಳದೆ.

ಅವನನ್ನು ಎಳೆದೊಯ್ದಾಗ ವರ್ಷದ ಮೊದಲ ದಿನವಂತೆ.
ಬೀದಿಯ ಜನ ಓಡಿಹೋದರಂತೆ,
ಓಡಿದ್ದು ಯಾರಾದರೂ ಕಂಡರೇನು ಗತಿ ಎಂದು
ಮತ್ತೆ ಬಂದು ನಿಂತರಂತೆ.
ನಾವೂ ಹಾಗೇ. ಪಾಲಯ್ಯ ಕುರ್ಚಿ ಬಿಟ್ಟು ಹೋದ ಮಧ್ಯಾಹ್ನ
ಎಲ್ಲರೂ ಎದ್ದು ಕ್ಯಾಂಟೀನಿಗೆ ಹೋದೆವು,
ಎಲ್ಲರೂ ಬೇಗ ವಾಪಸು ಬಂದೆವು.

ಮೂರನೇ ದೊರೆಯ ಭಾಗ ಇದರಲ್ಲಿಲ್ಲ.
ಯಾರೂ ಹರಿದದ್ದಲ್ಲ, ಮೂಲದಲ್ಲೇ ಕಳೆದಿದೆಯೆಂದು ಅಡಿಟಿಪ್ಪಣಿ.
ಅಷ್ಟು ಶತಮಾನ ಅಷ್ಟೆಲ್ಲ ತಿಂದ ಗೆದ್ದಲಿಗೆ
ಅಟ್ಟದ ಪುಟ ಮಾತ್ರ ರುಚಿಸಲಿಲ್ಲವಲ್ಲ!
ಬೋರಲು ಬಿದ್ದವರ ಹೆಸರು ಹೆಸರಾಗಿಯೇ ಉಳಿದಿವೆ,
ನಾಲಿಗೆಗೆ ಒಗ್ಗದ ಹೆಸರು. ಆದರೂ ಗಟ್ಟಿಯಾಗಿ ಓದಿದೆ.

ಶನಿವಾರ ಪುಸ್ತಕ ಹಿಂದಿರುಗಿಸಬೇಕು.
ಲೆಡ್ಜರಿನಲ್ಲಿ ಹೆಸರು ಬರೆದು ಸಹಿ ಹಾಕಬೇಕು.
ನನ್ನ ಹೆಸರಿನಲ್ಲಿ
ಒಂದು ಳ ಇದೆ.